ಹಿತ್ತಲಿನ ಚೆಂಡುಹೂವು

ಇಂಡಿ ತಾಲ್ಲೂಕಿನ ಅಗರಖೇಡದಂತಹ ಗ್ರಾಮಗಳಲ್ಲಿ ದಸರೆ, ದೀಪಾವಳಿಗಳಿಗೆ ಚೆಂಡುಹೂವಿನ ಮಾಲೆ ಬೇಕೇಬೇಕು. ಮೆಕ್ಸಿಕೋ ಮೂಲದ ಈ ಸಸ್ಯವು ಬಾಗಿಲಿನ ಅಲಂಕಾರಕ್ಕಷ್ಟೇ ಅಲ್ಲದೆ ಕೈತೋಟದ ರಕ್ಷಣೆಗೂ ಒದಗುತ್ತದೆ.

ಬೆಳೆಸುವ ಕ್ರಮ: ಜೂನ್-ಜುಲೈ ತಿಂಗಳಲ್ಲಿ ಬೀಜ ಬಿತ್ತಿ, ಬೆಳೆದ ಸಸಿಗಳನ್ನು ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳದಲ್ಲಿ ನೆಡಬೇಕು. ಎರೆಭೂಮಿಯಲ್ಲಿ ಏರುಮಡಿ ಉತ್ತಮ.

ತೋಟದಲ್ಲಿ ಉಪಯೋಗ: ಇದರ ಬೇರುಗಳು ಬೇರುಗಂಟು ರೋಗದ ಸೂಕ್ಷ್ಮ ಜಂತುಗಳನ್ನು ತಗ್ಗಿಸುತ್ತವೆ. ಟೊಮೆಟೊದ 16 ಸಾಲುಗಳಿಗೆ ಚೆಂಡುಹೂವಿನ 1 ಸಾಲು ಇರಲಿ. ನಾಟಿಯ ದಿನ ಟೊಮೆಟೊ ಸಸಿಗೆ 25 ದಿನ, ಚೆಂಡುಹೂವಿನ ಸಸಿಗೆ 40 ದಿನ ತುಂಬಿರಬೇಕು. ಆಗ ಎರಡೂ ಒಟ್ಟಿಗೆ ಹೂಬಿಡುತ್ತವೆ. ಕಾಯಿಕೊರಕದ ಪತಂಗಗಳು ಹೆಚ್ಚಾಗಿ ಚೆಂಡುಹೂವಿನ ಮೇಲೆಯೇ ಮೊಟ್ಟೆಯಿಡುತ್ತವೆ. ಅಲ್ಲಿನ ಹುಳುಗಳನ್ನು ಆರಿಸಿ ನಾಶಪಡಿಸಬೇಕು. ಇದರಿಂದ ವಿಷೌಷಧದ ಸಿಂಪರಣೆ ತಗ್ಗಿ, ಮಕ್ಕಳ ತಟ್ಟೆಗೆ ನಿರಪಾಯಕರ ತರಕಾರಿ ದೊರೆಯುವುದು.

ಎಚ್ಚರಿಕೆ: ಈ ಗಿಡವಿದ್ದ ಮಾತ್ರಕ್ಕೆ ಮನೆಯಿಂದ ಸೊಳ್ಳೆಗಳು ದೂರವಾಗುವುದಿಲ್ಲ. ಕುಂಡದ ತಳತಟ್ಟೆಯಲ್ಲಿ ನಿಂತ ನೀರಿನಲ್ಲಿಯೇ ಡೆಂಗೀ ಹರಡುವ ಸೊಳ್ಳೆ ಮರಿಮಾಡಬಲ್ಲದು. ಆದುದರಿಂದ ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ಒಣಗಿಸಬೇಕು. ಮಕ್ಕಳ ಗಾಯಕ್ಕಾಗಲಿ ಕಣ್ಣಿಗಾಗಲಿ ಎಲೆಯ ರಸವನ್ನು ಹಾಕಬಾರದು. ಗಾಯವನ್ನು ಶುದ್ಧ ನೀರಿನಿಂದ ತೊಳೆದು, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಹೂವು ಮನೆಗೆ ಶೋಭೆ. ಸ್ವಚ್ಛತೆ ಕುಟುಂಬಕ್ಕೆ ರಕ್ಷೆ.