ವೆಲ್ಡಿಂಗ್ ಬೆಳಕೂ ನಮ್ಮ ಕಣ್ಣೂ

ಗಿರಣಿಯ ದುರಸ್ತಿ ಖಾತೆಯಲ್ಲಿ ಬೆಸೆಯುವವನ ಮುಖಕ್ಕೆ ಕಪ್ಪು ಗಾಜಿನ ಕವಚವಿರುತ್ತದೆ. ಕೆಡುವುದು ಪಕ್ಕದಲ್ಲಿ ಕಬ್ಬಿಣ ಹಿಡಿದ ಹುಡುಗನ ಕಣ್ಣು, ಹಾಜರಿ ಪುಸ್ತಕದೊಡನೆ ನಿಂತ ನಮ್ಮಂಥ ಗುಮಾಸ್ತರ ಕಣ್ಣು. ವಿದ್ಯುತ್ ವೆಲ್ಡಿಂಗಿನ ಪ್ರಕಾಶದೊಡನೆ ಕಾಣದ ನೇರಳಾತೀತ ಕಿರಣಗಳೂ ಹೊರಟು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು ಸುಡುತ್ತವೆ. ಮೋಸವೆಂದರೆ, ಆಗ ನೋವಿಲ್ಲ. ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಬಿದ್ದಂತಾಗಿ ನೀರು ಸುರಿಯುತ್ತದೆ. ನಮಗೂ ಒಮ್ಮೆ ಹೀಗಾಗಿ, ಖೋಲಿಯವರ ಮಾತಿಗೆ ಹಾಲು ಬಿಟ್ಟುಕೊಂಡು ಪೇಚಾಡಿದೆವು. ಉಜ್ಜಬಾರದು, ಮನೆಮದ್ದು ಬಿಡಬಾರದು. ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡಿದ್ದು, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬಿಸಿಲ ಕನ್ನಡಕ ಇದಕ್ಕೆ ಸಾಲದು. ಬೆಸೆಯುವವನಿಗೆ ಸಾಧಾರಣವಾಗಿ 10ರಿಂದ 12ನೆಯ ನಂಬರಿನ ಗಾಜು ಬೇಕು. ಬಿಳಿ ಗೋಡೆಗೆ ತಾಗಿ ಮರಳುವ ಕಿರಣವೂ ಸುಡಬಲ್ಲುದು. ಆದುದರಿಂದ ಬೆನ್ನು ತಿರುಗಿಸಿ ನಿಂತರೆ ಸಾಲದು, ಸುತ್ತ ಪರದೆ ಕಟ್ಟಿಸಬೇಕು. ಕಬ್ಬಿಣ ಹಿಡಿಯುವ ಹುಡುಗನಿಗೂ ಒಂದು ಕವಚ ಕೊಡಿಸಿರೆಂದು ಮೇಸ್ತ್ರಿಯನ್ನು ಕೇಳಲು ಸಂಕೋಚವೇಕೆ?