ಅಕ್ಷರಕ್ಕೆ ದಶಾಂಶ ಬಂದಾಗ: ಹಳೇ ಲೈಬ್ರರಿ ಪೋರ್ಟ್ ಮಾಡಿ ಕಲಿತ ಪಾಠ

ನಮ್ಮ ಸಂಘದ ಹನಿಗವನ ಸ್ಪರ್ಧೆಯ ನಿಯಮ ನಿಮಗೆಲ್ಲ ಗೊತ್ತೇ ಇದೆ: ಕವನ 200 ಅಕ್ಷರ ದಾಟಬಾರದು. ಎಣಿಸೋದು ನಾವಲ್ಲ, ಸೀನಿಯರ್ ಒಬ್ಬರು ಬರೆದಿಟ್ಟು ಹೋದ ಪುಟ್ಟ ಓಪನ್ ಸೋರ್ಸ್ ಲೈಬ್ರರಿ. ಅದು ಪೈಥಾನ್ 2ರಲ್ಲಿತ್ತು. ಈ ವರ್ಷ ಅದನ್ನ ಪೈಥಾನ್ 3ಕ್ಕೆ ಪೋರ್ಟ್ ಮಾಡೋ ಕೆಲಸ ನಮ್ಮ ಮೂವರ ಪಾಲಿಗೆ ಬಂತು. ಒಂದು ಸಂಜೆಯ ಕೆಲಸ ಅಂದುಕೊಂಡ್ವಿ. ಆ ಸಂಜೆ ನಾವು ಮಾಡಿದ ತಪ್ಪನ್ನೇ ಇಲ್ಲಿ ಪಾಠ ಮಾಡ್ತಿದ್ದೀವಿ.

ಮೊದಲು ಸ್ವಲ್ಪ ಹಿನ್ನೆಲೆ. ಪೈಥಾನ್ 3.0 ಬಿಡುಗಡೆ ಆಗಿದ್ದು 2008ರ ಡಿಸೆಂಬರ್‌ನಲ್ಲಿ. ಹಳೇ ಕೋಡ್ ಅದರಲ್ಲಿ ಹಾಗೇ ಓಡೋದಿಲ್ಲ ಅಂತ ಗೊತ್ತಿದ್ದೇ ಭಾಷೆಯನ್ನ ಬದಲಾಯಿಸಿದ್ರು. ಪೈಥಾನ್ 2ಕ್ಕೆ 2015ರಲ್ಲಿ ಬೆಂಬಲ ನಿಲ್ಲಿಸೋ ಯೋಚನೆ ಇತ್ತು, ಆಮೇಲೆ ಅದನ್ನ 2020ಕ್ಕೆ ಮುಂದೂಡಿದ್ರು. ಯಾಕಿಷ್ಟು ತಡ? ಒಂದು ಲೈಬ್ರರಿ ಇನ್ನೊಂದರ ಮೇಲೆ ನಿಂತಿರುತ್ತೆ. ಕೆಳಗಿನದು ಬದಲಾಗದೆ ಮೇಲಿನದು ಬದಲಾಗೋಕೆ ಆಗಲ್ಲ. ಹಾಗಾಗಿ ಎಷ್ಟೋ ಲೈಬ್ರರಿಗಳು ವರ್ಷಗಟ್ಟಲೆ ಎರಡೂ ಪೈಥಾನ್‌ನಲ್ಲಿ ಓಡೋ ಕೋಡ್ ಇಟ್ಟುಕೊಂಡಿದ್ವು. ಅದಕ್ಕೆ ನೆರವಾಗೋಕೆ ಅಂತಲೇ 'ಸಿಕ್ಸ್' ಅನ್ನೋ ಲೈಬ್ರರಿ ಬಂತು. ಎರಡು ಮೂರಲಿ ಆರು, ಅದಕ್ಕೇ ಆ ಹೆಸರು! ಜಾಂಗೋ ಪೈಥಾನ್ 2ನ್ನ ಬಿಟ್ಟಿದ್ದು 2017ರಲ್ಲಿ, ನಂಪೈ ಬಿಟ್ಟಿದ್ದು 2019ರಲ್ಲಿ.

ಈಗ ನಮ್ಮ ಕಥೆಗೆ ಬರೋಣ. ಹಳೇ ಕೋಡನ್ನ ಹೊಸದಕ್ಕೆ ತಿರುಗಿಸೋಕೆ 'ಟು ಟು ತ್ರೀ' ಅನ್ನೋ ಟೂಲ್ ಇತ್ತು (ಪೈಥಾನ್ 3.13ರಲ್ಲಿ ಅದನ್ನೇ ತೆಗೆದುಹಾಕಿದ್ದಾರೆ. ನಮ್ಮ ಲ್ಯಾಬ್‌ನಲ್ಲಿದ್ದದ್ದು ಅದಕ್ಕಿಂತ ಹಳೇ ವರ್ಷನ್). ಅದನ್ನ ಓಡಿಸಿದ್ವಿ. ಪ್ರಿಂಟ್‌ಗಳಿಗೆಲ್ಲ ಬ್ರಾಕೆಟ್ ಬಂತು. ಪ್ರೋಗ್ರಾಂ ಎರರ್ ಇಲ್ಲದೆ ಓಡ್ತು. 'ಕನ್ನಡ' ಅಂತ ಕೊಟ್ಟು ನೋಡಿದ್ರೆ ಉತ್ತರ: 1.666. ಅಕ್ಷರ ಎಲ್ಲಾದ್ರೂ ಮುಕ್ಕಾಲು, ಅರ್ಧ ಇರುತ್ತಾ ಅಂತ ನಕ್ಕುಬಿಟ್ವಿ. ಕಾರಣ ಗೊತ್ತಿತ್ತು: ಪೈಥಾನ್ 2ರಲ್ಲಿ ಪೂರ್ಣಾಂಕಗಳ ಮಧ್ಯೆ / ಹಾಕಿದ್ರೆ ಪೂರ್ಣಾಂಕವೇ ಬರುತ್ತೆ, 3ರಲ್ಲಿ ದಶಾಂಶ ಬರುತ್ತೆ. ಆ ಟೂಲ್ ಇದನ್ನ ಮುಟ್ಟೋದಿಲ್ಲ. ಸರಿ, / ಇದ್ದ ಕಡೆ // ಹಾಕಿದ್ವಿ. ದಶಾಂಶ ಹೋಯ್ತು, ನಾವೂ ಊಟಕ್ಕೆ ಹೋದ್ವಿ.

ಕವನಗಳು ಬಂದ್ವು, ಎಲ್ಲವೂ ಪಾಸ್. ಮೂರನೇ ದಿನ ಫಸ್ಟ್ ಇಯರ್ ಹುಡುಗಿಯೊಬ್ಬಳು ಬಂದು ಕೇಳಿದಳು: "ಅಣ್ಣಾ, ನಾನು 200ಕ್ಕೆ ಇಳಿಸೋಕೆ ನಾಲ್ಕು ಸಾಲು ಕತ್ತರಿಸಿ ಕಳಿಸಿದ್ದೀನಿ. ನನ್ನ ರೂಮ್‌ಮೇಟ್‌ದು ನನ್ನದರ ಎರಡರಷ್ಟಿದೆ, ಅದು ಹೇಗೆ ಓಕೆ ಆಯ್ತು?"

ನಮ್ಮ ಹತ್ರ ಉತ್ತರ ಇರಲಿಲ್ಲ. ಆವಾಗಲೇ ಮೊದಲ ಸಲ ಆ ಕೋಡನ್ನ ನಿಜವಾಗಿ ಓದಿದ್ದು.

ಪೈಥಾನ್ 2ರಲ್ಲಿ ಮಾಮೂಲಿ ಸ್ಟ್ರಿಂಗ್ ಅಂದ್ರೆ ಬೈಟ್‌ಗಳ ಸಾಲು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ನಮ್ಮ ಕಣ್ಣಿಗೆ 'ಕನ್ನಡ' ಮೂರೇ ಅಕ್ಷರ. ಆದ್ರೆ ಯೂನಿಕೋಡ್‌ಗೆ ಅದು ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ. ಒಟ್ಟು 15 ಬೈಟ್. ಸೀನಿಯರ್ ಅದನ್ನ 3ರಿಂದ ಭಾಗಿಸಿ 5 ಅಂತ ಲೆಕ್ಕ ಹಾಕಿದ್ರು. ಸಂಘ 'ಅಕ್ಷರ' ಅಂತ ಕರೀತಿದ್ದದ್ದು ಈ ಲೆಕ್ಕವನ್ನೇ. ಪೈಥಾನ್ 3ರಲ್ಲಿ ಸ್ಟ್ರಿಂಗ್ ಅಂದ್ರೆ ಯೂನಿಕೋಡ್ ಸಂಕೇತಗಳ ಸಾಲು, ನೇರವಾಗಿ 5 ಬರುತ್ತೆ. ನಾವು ಅದನ್ನ ಮತ್ತೆ 3ರಿಂದ ಭಾಗಿಸ್ತಿದ್ವಿ! 600 ಅಕ್ಷರದ ಕವನವೂ 200 ಅಂತ ಪಾಸಾಗ್ತಿತ್ತು.

ಆ ದಶಾಂಶ ಒಂದು ಎಚ್ಚರಿಕೆ ಆಗಿತ್ತು. ನಾವು ಕಾರಣ ಹುಡುಕದೆ ಅದರ ಬಾಯಿ ಮುಚ್ಚಿಸಿದ್ವಿ.

ಹಾಗಾದ್ರೆ 3ರಿಂದ ಭಾಗಿಸೋದನ್ನ ತೆಗೆದ್ರೆ ಮುಗೀತಾ? ಅಲ್ಲೂ ಒಂದು ತಿರುವು. ಖಾಲಿ ಜಾಗಕ್ಕೆ ಒಂದೇ ಬೈಟ್. 'ಕನ್ನಡ ನಾಡು' ಅಂದ್ರೆ 28 ಬೈಟ್, ಹಳೇ ಲೆಕ್ಕದಲ್ಲಿ 9, ಹೊಸ ಲೆಕ್ಕದಲ್ಲಿ 10. ಹೊಸದೇ ಸರಿ. ಆದ್ರೆ ಸ್ಪರ್ಧೆ ಶುರುವಾದ ಮೇಲೆ ಅಳತೆಗೋಲು ಬದಲಾಯಿಸೋದು ನ್ಯಾಯ ಅಲ್ಲ. ಅದಕ್ಕೇ ಎರಡು ಹಂತ ಮಾಡಿದ್ವಿ. ಮೊದಲು, ಸ್ಟ್ರಿಂಗನ್ನ ಯುಟಿಎಫ್-8 ಬೈಟ್‌ಗಳಿಗೆ ತಿರುಗಿಸಿ 3ರಿಂದ ಭಾಗಿಸಿ, ಹಳೇ ಉತ್ತರವೇ ಬರೋ ಹಾಗೆ ಪೋರ್ಟ್. ಸ್ಪರ್ಧೆ ಮುಗಿದ ಮೇಲೆ ಸರಿಯಾದ ಲೆಕ್ಕ, ವರ್ಷನ್ 2.0 ಅಂತ. ಉತ್ತರ ಬದಲಾದ್ರೆ ಮೊದಲ ಅಂಕಿ ಬದಲಾಗಬೇಕು, ಬಳಸೋರಿಗೆ ಅದೇ ಸೂಚನೆ. ಎಲ್ಲಾ ಕವನಗಳನ್ನ ಮತ್ತೆ ಎಣಿಸಿದ್ವಿ. ಎರಡು ಮಿತಿ ದಾಟಿದ್ವು. ಬರೆದವರ ಹತ್ರ ಹೋಗಿ ತಪ್ಪು ನಮ್ಮದು ಅಂತ ಹೇಳಿ, ತಿದ್ದೋಕೆ ಒಂದು ದಿನ ಕೊಟ್ವಿ. ಆ ಹುಡುಗಿಗೂ ಅದೇ ಒಂದು ದಿನ ಸಿಕ್ತು. ಹಳೇ ಲೆಕ್ಕದಲ್ಲಿ ಜಾಗ ಉಳಿದಿತ್ತು, ಕತ್ತರಿಸಿದ್ದರಲ್ಲಿ ಒಂದು ಸಾಲು ವಾಪಸ್ ಸೇರಿಸಿದಳು.

ನೀವು ಪೋರ್ಟ್ ಮಾಡೋ ಮುಂಚೆ ಇಷ್ಟು ಮಾಡಿ:

1. ಹಳೇ ಕೋಡನ್ನ ಹಳೇ ಭಾಷೆಯಲ್ಲೇ ಓಡಿಸಿ, ಉತ್ತರಗಳನ್ನ ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಟೆಸ್ಟ್. ಖಾಲಿ ಸಾಲು, ಅಂಕಿ, ಇಂಗ್ಲಿಷ್ ಬೆರೆತ ಸಾಲು ಎಲ್ಲಾ ಸೇರಿಸಿ.

2. ಒಂದು ಸಲಕ್ಕೆ ಒಂದೇ ಕೆಲಸ. ಪೋರ್ಟ್ ಮಾಡುವಾಗ ಬಗ್ ತಿದ್ದಬೇಡಿ, ಬಗ್ ತಿದ್ದುವಾಗ ಪೋರ್ಟ್ ಮಾಡಬೇಡಿ.

3. ಯಾಕೆ ಅಂತ ಗೊತ್ತಾಗದ ಸಂಖ್ಯೆ ಕಂಡ್ರೆ ನಿಲ್ಲಿ. ನಮ್ಮ ಕೋಡ್‌ನಲ್ಲಿ ಆ 3ರ ಪಕ್ಕ ಒಂದು ಸಾಲು ಕಾಮೆಂಟ್ ಇದ್ದಿದ್ರೆ ಈ ಲೇಖನವೇ ಇರ್ತಿರಲಿಲ್ಲ.

ಪೋರ್ಟ್ ಮಾಡಿದ ಮೇಲೂ ಕೆಲಸ ಮುಗಿಯಲ್ಲ. ಪೈಥಾನ್ 3 ಕೂಡ ಬದಲಾಗ್ತಾನೇ ಇದೆ: ಲೈಬ್ರರಿಗಳನ್ನ ಪ್ಯಾಕ್ ಮಾಡೋಕೆ ವರ್ಷಗಟ್ಟಲೆ ಬಳಸಿದ 'ಡಿಸ್ಟ್‌ಯುಟಿಲ್ಸ್' 2023ರಲ್ಲಿ ಬಂದ 3.12ರಲ್ಲಿ ಇಲ್ಲ. ಯಾರಾದ್ರೂ ಒಬ್ಬರು ನೋಡಿಕೊಳ್ತಾ ಇರಬೇಕು. ನಾವು ಇನ್ನೆರಡು ವರ್ಷ ಇರ್ತೀವಿ, ಆಮೇಲೆ ಹೊರಡ್ತೀವಿ, ಆ ಸೀನಿಯರ್ ಹೊರಟ ಹಾಗೇ. ಅದಕ್ಕೇ ಈ ಸಲ ಆ ಸಾಲಿನ ಮೇಲೆ ಮೂರು ಸಾಲು ಕಾಮೆಂಟ್ ಬರೆದಿದ್ದೀವಿ, ಕನ್ನಡದಲ್ಲೇ. ಜೊತೆಗೆ ಫಸ್ಟ್ ಇಯರ್‌ನವರೊಬ್ಬರನ್ನ ಸೇರಿಸಿಕೊಂಡಿದ್ದೀವಿ. ಯಾರು ಅಂತ ಊಹಿಸಿರ್ತೀರಿ.