ಮಕ್ಕಳ ಆಟ, ನಿಸರ್ಗ ಮತ್ತು ನುಡಿ: ಮುಂಬಯಿ ಕನ್ನಡಿಗರ ನೆಲೆಯಿಂದ ಕೆಲವು ವಿಚಾರಗಳು

ಪರಿಸರ ಅಧ್ಯಯನ ಇಂದು ಶಾಲಾ ಪಠ್ಯಕ್ರಮದ ಅಂಗವಾಗಿದೆ. ಸರ್ವೋಚ್ಚ ನ್ಯಾಯಾಲಯವು 1991ರ ತೀರ್ಪಿನಲ್ಲಿ ಇದನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. 2003ರಲ್ಲಿ ಅನುಷ್ಠಾನಕ್ಕಾಗಿ ಮತ್ತೆ ಆದೇಶ ನೀಡಿತು. ಹೀಗಿದ್ದರೂ ಆಹಾರ ಸರಪಳಿಯ ಚಿತ್ರವನ್ನು ತಪ್ಪಿಲ್ಲದೆ ಬರೆಯುವ ಎಷ್ಟೋ ಮಕ್ಕಳಿಗೆ ತಮ್ಮ ಕಟ್ಟಡದ ಅಂಗಳದಲ್ಲಿರುವ ಮರದ ಹೆಸರು ತಿಳಿದಿಲ್ಲ. ಪಾಠವಾಗಿ ಬಂದ ನಿಸರ್ಗ ಪರೀಕ್ಷೆಯೊಡನೆ ಮುಗಿಯುತ್ತದೆ. ಆಟವಾಗಿ ಬಂದದ್ದು ಬಾಳಿಗೆ ಅಂಟಿಕೊಳ್ಳುತ್ತದೆ. ಈ ಮಾತನ್ನು ಮುಂಬಯಿಯ ಕನ್ನಡ ಕುಟುಂಬಗಳ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಜನಪದ ಆಟಗಳ ಸಲಕರಣೆಗಳನ್ನು ಗಮನಿಸಬಹುದು. ಅಳಗುಳಿಮಣೆಗೆ ಹುಣಸೆಬೀಜ ಇಲ್ಲವೆ ಮಂಜೊಟ್ಟಿ. ಚೌಕಾಬಾರಕ್ಕೆ ಕವಡೆ, ಅದಿಲ್ಲದಿದ್ದರೆ ಒಂದು ಬದಿ ಬೆಳ್ಳಗಾಗುವಂತೆ ಉಜ್ಜಿದ ಹುಣಸೆಬೀಜ. ಗಿರಗಿಟ್ಟಲೆಗೆ ತೆಂಗಿನ ಗರಿ. ಪೀಪಿಗೆ ಮಾವಿನ ಓಟೆ. ಇವು ಅಂಗಡಿಯಿಂದ ಬಂದವಲ್ಲ. ಬೀಜ ಬೇಕಾದರೆ ಮರವನ್ನು ಗುರುತಿಸಬೇಕು, ಕಾಯಿ ಬಲಿಯುವ ಕಾಲವನ್ನು ಅರಿಯಬೇಕು. ಹುಣಸೆಬೀಜವನ್ನು ಕಲ್ಲಿಗೆ ಉಜ್ಜುವ ಮಗು ಅದರ ಸಿಪ್ಪೆಯ ಗಡಸುತನವನ್ನು ಬೆರಳಿನಿಂದಲೇ ಕಲಿಯುತ್ತದೆ. ಆಟದ ಸಿದ್ಧತೆಯೇ ಇಲ್ಲಿ ನಿಸರ್ಗದ ಮೊದಲ ಪಾಠ.

ಈ ಪಾಠದ ಜೊತೆಯಲ್ಲೇ ಭಾಷೆಯೂ ಬರುತ್ತದೆ. 'ಮುಟ್ಟಿದರೆ ಮುನಿ' ಎಂಬ ಹೆಸರಿನಲ್ಲಿ ಆಟವೇ ಅಡಗಿದೆ: ಮಗು ಮುಟ್ಟುತ್ತದೆ, ಗಿಡ ಮುನಿಯುತ್ತದೆ. ಕನ್ನಡದ ಇನ್ನೊಂದು ಹೆಸರು 'ನಾಚಿಕೆ ಮುಳ್ಳು'. ಮರಾಠಿಯ 'ಲಾಜಾಳು' ಕೂಡ ನಾಚಿಕೆಯನ್ನೇ ಸೂಚಿಸುತ್ತದೆ. ಅಮೆರಿಕದ ಉಷ್ಣವಲಯದಿಂದ ಬಂದ ಗಿಡವೊಂದು ನಮ್ಮ ನುಡಿಗಳಲ್ಲಿ ಹೀಗೆ ಮನೆಮಾತಾಯಿತು. ಎಲೆ ಮುಚ್ಚುವುದನ್ನು ಸ್ವತಃ ಕಂಡ ಮಗುವಿಗೆ ಈ ಹೆಸರುಗಳನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಕಾಣದ ಮಗುವಿಗಾದರೋ ಅವು ನಿಘಂಟಿನ ಪದಗಳು ಮಾತ್ರ. ಹೊರನಾಡಿನಲ್ಲಿ ಕನ್ನಡ ಅಡುಗೆಮನೆಯ ಮಾತಾಗಿ ಕುಗ್ಗುತ್ತಿದೆಯೆಂದು ನಾವು ಕೊರಗುತ್ತೇವೆ. ಬಯಲಿನಲ್ಲಿ ಆಡಬೇಕಾದ ಕನ್ನಡಕ್ಕೆ ಬಯಲನ್ನೇ ಒದಗಿಸದಿರುವುದು ಅದಕ್ಕೊಂದು ಕಾರಣವೆಂಬುದನ್ನು ಮರೆಯುತ್ತೇವೆ.

ಮಗುವಿನ ಕುತೂಹಲಕ್ಕೆ ಹಿರಿಯರ ಆಸರೆಯೂ ಬೇಕು. 1896ರಲ್ಲಿ ಮುಂಬಯಿಯಲ್ಲಿ ಜನಿಸಿದ ಸಲೀಂ ಅಲಿ ಬಾಲ್ಯದಲ್ಲಿ ಆಟದ ಬಂದೂಕಿನಿಂದ ಗುಬ್ಬಿಯೊಂದನ್ನು ಹೊಡೆದರು. ಅದರ ಕೊರಳಿನ ಹಳದಿ ಗುರುತು ಅವರನ್ನು ಕಾಡಿತು. ಹಕ್ಕಿಯೊಡನೆ 1883ರಲ್ಲಿ ಸ್ಥಾಪನೆಗೊಂಡಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಬಾಲಕನನ್ನು ಕಾರ್ಯದರ್ಶಿ ಮಿಲ್ಲರ್ಡ್ ಗದರಿಸಿ ಕಳುಹಿಸಲಿಲ್ಲ. ಹಕ್ಕಿಯನ್ನು ಗುರುತಿಸಿ, ಸಂಗ್ರಹಾಲಯದ ಪಕ್ಷಿಗಳನ್ನೆಲ್ಲ ತೋರಿಸಿದರು. ಮುಂದೆ ಆ ಬಾಲಕ ಭಾರತದ ಪಕ್ಷಿಶಾಸ್ತ್ರದ ಹಿರಿಯ ಹೆಸರಾದುದು ಸರ್ವವಿದಿತ. ಹಕ್ಕಿಯನ್ನು ಕೊಲ್ಲುವುದು ಇಂದು ಅನುಕರಣೀಯವಲ್ಲ. ಬಾಲಕನ ಪ್ರಶ್ನೆಗೆ ಹಿರಿಯನೊಬ್ಬ ತೋರಿದ ಗೌರವ ಎಂದೆಂದಿಗೂ ಅನುಕರಣೀಯ.

ಮುಂಬಯಿಯಲ್ಲಿ ನಿಸರ್ಗವೆಲ್ಲಿದೆ ಎಂದು ಕೇಳುವವರಿದ್ದಾರೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತಾರ ನೂರು ಚದರ ಕಿಲೋಮೀಟರಿಗೂ ಹೆಚ್ಚು. ಮಾಹಿಮ್ ಬಳಿಯ ನಿಸರ್ಗ ಉದ್ಯಾನ ಒಂದು ಕಾಲದಲ್ಲಿ ಕಸ ಸುರಿಯುವ ತಾಣವಾಗಿತ್ತು. ಇಳಿತದ ಹೊತ್ತಿನಲ್ಲಿ ಕಡಲಂಚಿನ ಬಂಡೆಗಳ ನಡುವೆ ಏಡಿ, ಶಂಖದ ಹುಳುಗಳು ಕಾಣಸಿಗುತ್ತವೆ. ಅಷ್ಟು ದೂರ ಹೋಗಲಾಗದವರಿಗೆ ರಸ್ತೆಬದಿಯ ಮಳೆಮರವೇ ಸಾಕು. ಸಂಜೆಯಾಗುತ್ತಲೇ ಅದರ ಎಲೆಗಳೂ ಮಡಚಿಕೊಳ್ಳುತ್ತವೆ. ಮುಟ್ಟಿದರೆ ಮುನಿಯನ್ನು ಬಲ್ಲ ಮಗು ಈ ಸಾಮ್ಯವನ್ನು ತಾನೇ ಕಂಡುಕೊಳ್ಳಬಲ್ಲದು.

ಕನ್ನಡ ಸಂಘಗಳು ನಡೆಸುವ ಮಕ್ಕಳ ತರಗತಿಗಳು ತಿಂಗಳಿಗೊಮ್ಮೆಯಾದರೂ ಮರದ ನೆರಳಿಗೆ ಬರಲಿ. ಒಂದೇ ಮರವನ್ನು ವರ್ಷವಿಡೀ ನೋಡಿ, ಚಿಗುರು, ಹೂ, ಕಾಯಿಗಳ ವಿವರವನ್ನು ಮಕ್ಕಳು ಕನ್ನಡದಲ್ಲಿ ಬರೆದಿಡಲಿ. ಆಟದ ಬೀಜಗಳನ್ನು ಅವರೇ ಆಯಲಿ. ಆದರೆ ಗುಲಗಂಜಿಯನ್ನು ಅಗಿದರೆ ಪ್ರಾಣಾಪಾಯವೆಂಬ ಎಚ್ಚರ, ಅಲೆಗಳ ಬಳಿ ಹಿರಿಯರ ಕಾವಲು ಅಗತ್ಯ. ಉಳಿದಂತೆ ಹಿರಿಯರು ಕಡಿಮೆ ಮಾತನಾಡಿದಷ್ಟೂ ಒಳಿತು.

ನಿಸರ್ಗವನ್ನು ಪ್ರೀತಿಸೆಂದು ಮಗುವಿಗೆ ಆಜ್ಞಾಪಿಸಲಾಗದು. ಭಾಷೆಯನ್ನು ಪ್ರೀತಿಸೆಂದೂ ಆಜ್ಞಾಪಿಸಲಾಗದು. ಮಣ್ಣಾದ ಕೈಯಲ್ಲಿ ಬೀಜವೊಂದನ್ನು ಹಿಡಿದು ಮಗು 'ಇದೇನು?' ಎಂದು ಕೇಳಿದಾಗ, ಅದರ ಕನ್ನಡದ ಹೆಸರನ್ನು ಹೇಳಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ಆ ಹೆಸರನ್ನು ಬಲ್ಲ ತಲೆಮಾರು ಇನ್ನೂ ನಮ್ಮ ಮನೆಗಳಲ್ಲಿದೆ.